ಫೋರ್ಡ್ 300 ಸಿಕ್ಸ್‌ಗೆ ಹೆಡರ್ ಹಾಕಿದವರು ಅನುಭವ ಹೇಳಿ

ಕೇಳಿದವರು: ಗಾಡಿ 1978ರ ಎಫ್-150 ಪಿಕಪ್, 4.9 ಲೀಟರ್ (300 ಘನ ಇಂಚು) ಇನ್‌ಲೈನ್ ಸಿಕ್ಸ್, ಅಂದ್ರೆ ಸಾಲಾಗಿ ಆರು ಸಿಲಿಂಡರ್, ಒಂದೇ ಬ್ಯಾರೆಲ್ ಕಾರ್ಬ್ಯುರೇಟರ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆ ಒಟ್ಟುಗೂಡಿಸೋ ಎರಕದ ಕೊಳವೆ) ನಡುವೆ ಸೀಳಿದೆ, ತಣ್ಣಗಿದ್ದಾಗ ಟಕಟಕ ಅನ್ನುತ್ತೆ. ಹೇಗೂ ಬಿಚ್ಚಲೇಬೇಕು, ಅದರ ಬದಲು ಹೆಡರ್ (ಸಿಲಿಂಡರಿಗೊಂದು ಬಿಡಿ ಪೈಪ್ ಇರೋದು) ಹಾಕಿಬಿಡೋಣ ಅಂತಿದ್ದೀನಿ. ಭಾರ ಎಳೆಯೋ ಗಾಡಿ, ರೇಸಿಗಲ್ಲ. ಎಲ್ಲಿ ಕೈಕೊಡುತ್ತೆ?

ಹಳೇಸ್ಪ್ಯಾನರ್: ಕೈಕೊಡೋದು ಫ್ಲ್ಯಾಂಜ್ (ಹೆಡ್ಡಿಗೆ ಬೋಲ್ಟ್ ಆಗೋ ಪಟ್ಟಿ) ದಪ್ಪದಲ್ಲಿ. ಈ ಎಂಜಿನ್ನಲ್ಲಿ ಇಂಟೇಕೂ (ಗಾಳಿ-ಪೆಟ್ರೋಲ್ ಒಳಹೋಗೋ ಮ್ಯಾನಿಫೋಲ್ಡ್) ಎಕ್ಸಾಸ್ಟೂ ಸಿಲಿಂಡರ್ ಹೆಡ್ಡಿನ ಒಂದೇ ಪಕ್ಕಕ್ಕಿವೆ, ಗ್ಯಾಸ್ಕೆಟ್ ಒಂದೇ. ಹಲವು ಬೋಲ್ಟುಗಳ ದಪ್ಪ ವಾಷರ್ ಅರ್ಧ ಇಂಟೇಕ್ ಮೇಲೆ, ಅರ್ಧ ಎಕ್ಸಾಸ್ಟ್ ಮೇಲೆ ಕೂತು ಎರಡನ್ನೂ ಒತ್ತಿ ಹಿಡಿಯುತ್ತೆ. ಹಳೇ ಬೀಡುಕಬ್ಬಿಣದ ಮ್ಯಾನಿಫೋಲ್ಡಿಗೆ ಎರಡೂ ಕಡೆ ಮಟ್ಟ ಸರಿಯಿರುತ್ತೆ. ಹೆಡರ್ ಫ್ಲ್ಯಾಂಜ್ ತೆಳ್ಳಗಿದ್ದರೆ ವಾಷರ್ ವಾಲುತ್ತೆ. ಇಂಟೇಕ್ ಬಿಗಿ, ಎಕ್ಸಾಸ್ಟ್ ಸಡಿಲ. ಜನ ಗ್ಯಾಸ್ಕೆಟ್ ಕಂಪನಿಗೆ ಬೈಯುತ್ತಾ ಮತ್ತೊಂದು ಗ್ಯಾಸ್ಕೆಟ್ ತರ್ತಾರೆ, ಅದೂ ಸುಡುತ್ತೆ.

ತರೋದಕ್ಕೆ ಮೊದಲೇ ಕ್ಯಾಲಿಪರ್ ಹಿಡಿದು ಇಂಟೇಕ್ ಕಿವಿ (ವಾಷರ್ ಕೂರೋ ಅಂಚು) ಎಷ್ಟು ದಪ್ಪ, ಹೆಡರ್ ಫ್ಲ್ಯಾಂಜ್ ಎಷ್ಟು ದಪ್ಪ ಅಳೆಯಿರಿ. ವ್ಯತ್ಯಾಸವಿದ್ದರೆ ದಪ್ಪ ವಾಷರಿನ ಒಂದು ಅರ್ಧವನ್ನು ಅಷ್ಟೇ ಮಟ್ಟಕ್ಕೆ ತಿಕ್ಕಿ ಮೆಟ್ಟಿಲು ಮಾಡಬೇಕು. ನನ್ನದರಲ್ಲಿ ಎಲ್ಲ ವಾಷರೂ ಹಾಗೇ ತಿಕ್ಕಿದವು, ಒಂದೂ ಸೋರಿಲ್ಲ.

ಇಂಟೇಕ್ ಮತ್ತು ಹೆಡರ್ ಎರಡನ್ನೂ ಬೆರಳಲ್ಲಿ ಬಿಗಿಯೋಷ್ಟು ಸಡಿಲವಾಗಿ ಕೂರಿಸಿ, ಆಮೇಲೆ ನಡುವಿನಿಂದ ಎರಡೂ ತುದಿಗೆ ಮೂರು ಸುತ್ತಲ್ಲಿ ಬಿಗಿಯಿರಿ. ಕೊನೇ ಸುತ್ತು 25 ಅಡಿ-ಪೌಂಡ್ ಆಸುಪಾಸು. ಕೆಲವು ಸಲ ಬಿಸಿಯಾಗಿ ತಣಿದ ಮೇಲೆ, ಪೂರಾ ತಣ್ಣಗಿರುವಾಗಲೇ ಮತ್ತೆ ನೋಡಿ.

ಬೀಡುಪ್ರಿಯ: ಹೆಡರ್ ಯಾಕೆ ಸ್ವಾಮಿ? 1987ರಿಂದ 1996ರವರೆಗಿನ ಇಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರೋ) 300ಕ್ಕೆ ಫೋರ್ಡ್‌ನವರೇ ಎರಡು ತುಂಡಿನ ಬೀಡಿನ ಮ್ಯಾನಿಫೋಲ್ಡ್ ಕೊಟ್ಟಿದ್ದಾರೆ. ಮುಂದಿನ ಮೂರು ಸಿಲಿಂಡರಿಗೆ ಒಂದು, ಹಿಂದಿನ ಮೂರಕ್ಕೆ ಒಂದು. ಫೈರಿಂಗ್ ಆರ್ಡರ್ 1-5-3-6-2-4, ಅಂದ್ರೆ ಒಂದು ಸಲ ಮುಂದಿನದು, ಒಂದು ಸಲ ಹಿಂದಿನದು. ಒಂದೊಂದು ಗುಂಪಿಗೂ 240 ಡಿಗ್ರಿಗೊಂದು ಪಲ್ಸ್, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರಲ್ಲ. ಹೆಡರಿನಿಂದ ಸಿಗೋ ಲಾಭದ ಬಹುಪಾಲು ಇಲ್ಲೇ ಸಿಕ್ಕಿತು. ತುಕ್ಕಿಗೆ ತೂತಾಗಲ್ಲ, ಗಲಾಟೆ ಇಲ್ಲ, ಎರಡು ತುಂಡಾದ್ದರಿಂದ ಹಿಗ್ಗಿ ಸೀಳೋದೂ ಕಮ್ಮಿ. ಗುಜರಿ ಗಾಡಿಯಿಂದ ಬಿಚ್ಚಿ, ಮುಖ ಮಷಿನಿಂಗ್ ಮಾಡಿಸಿ ಹಾಕಿ. ಅದೇ ಗಾಡಿಯ ವೈ-ಪೈಪೂ (ಎರಡನ್ನೂ ಒಂದಕ್ಕೆ ಕೂಡಿಸೋ ಪೈಪ್) ಬಿಡಬೇಡಿ. ಕಾರ್ಬ್ ಇಂಟೇಕಿನ ತಳ ಎಲ್ಲಾದರೂ ತಾಗುತ್ತಾ ಅಂತ ಗ್ಯಾಸ್ಕೆಟ್ ಇಲ್ಲದೆ ಒಮ್ಮೆ ಜೋಡಿಸಿ ನೋಡಿ, ತಾಗಿದಲ್ಲಿ ತಿಕ್ಕಿ.

ತೆಳು ಪೈಪಿನ ಹೆಡರ್ ತಂದು ವರ್ಷಕ್ಕೊಂದು ಗ್ಯಾಸ್ಕೆಟ್ ಸುಡೋರನ್ನು ನೋಡಿ ನೋಡಿ ಸಾಕಾಗಿದೆ.

ಟಾರ್ಕ್‌ಭಟ್ಟ: ಬಂತಪ್ಪಾ ಬೀಡಿನ ಭಜನೆ. ಗುಜರೀಲಿ ಸಿಗೋ ಆ ಮ್ಯಾನಿಫೋಲ್ಡುಗಳ ಸ್ಟಡ್ ಬಿಚ್ಚಿದ್ದೀರಾ ಯಾವತ್ತಾದರೂ? ಕೆಳಗಿನ ಸ್ಟಡ್ ಕೊರೆಸೋದು, ಮುಖ ಮಷಿನಿಂಗು, ವೈ-ಪೈಪ್ ಹಿಂದಿನ ಪೈಪಿಗೆ ಕೂಡಿಸೋ ವೆಲ್ಡಿಂಗು, ಪೈಪ್ ಕೂಡೋ ಕಡೆಗೆ ಬಳೆಯಂಥ ಹೊಸ ಡೋನಟ್ ಗ್ಯಾಸ್ಕೆಟ್ ಎರಡು. ಕೂಡಿಸಿ ನೋಡಿ, ಅಗ್ಗ ಅನ್ನೋ ಮಾತು ಬಾಯಿಗೆ ಬರಲ್ಲ.

ಹೆಡರ್ ಸುಡೋದು ತೆಳುವಾದದ್ದನ್ನು ತಂದಾಗ. 18 ಗೇಜ್ ಅಂದ್ರೆ 1.2 ಮಿಮೀ, 16 ಗೇಜ್ ಅಂದ್ರೆ 1.5. ಹದಿನಾರಕ್ಕಿಂತ ತೆಳುವಾದದ್ದು ಕೊಳ್ಳಬೇಡಿ. ಪ್ರೈಮರಿ ಪೈಪ್ (ಒಂದೊಂದು ಸಿಲಿಂಡರಿನದು) ಒಂದೂವರೆ ಇಂಚು ಸಾಕು. ಈ ಎಂಜಿನ್ನಿಗೆ ಟಾರ್ಕಿನ ತುದಿ 2000 ಆರ್‌ಪಿಎಂ ಆಸುಪಾಸಲ್ಲೇ ಬರೋದು, ದಪ್ಪ ಪೈಪ್ ಹಾಕಿದರೆ ಹೊಗೆಯ ವೇಗ ಬಿದ್ದು, ಏರಲ್ಲಿ ಲೋಡ್ ಎಳೆಯುವಾಗ ಗಾಡಿ ಸೋಲುತ್ತೆ. ಮೂರು ಮೂರು ಸೇರಿ ಎರಡು ಕಲೆಕ್ಟರ್ ಇರೋದನ್ನೇ ತಗೊಳ್ಳಿ, ಆರನ್ನೂ ಒಂದೇ ಕಲೆಕ್ಟರಿಗೆ ತುರುಕಿದ್ದು ಬೇಡ. ವೈ ಆದ ಮೇಲೆ ಎರಡೂಕಾಲು ಇಂಚಿನ ಒಂದೇ ಪೈಪು. ಒಳಗೂ ಹೊರಗೂ ಸೆರಾಮಿಕ್ ಲೇಪ ಇರಲಿ. ಬರೀ ಕಪ್ಪು ಪೇಂಟ್ ಬಳಿದದ್ದು ಮೊದಲ ಬಿಸಿಗೇ ಹೊಗೆಯಾಗಿ ಹೋಗುತ್ತೆ.

ಬೆಸುಗೆ: ಇಬ್ಬರೂ ಜಗಳಾಡ್ತಾ ಇರಿ, ಮುರಿದ ಬೋಲ್ಟಿನ ಮಾತು ಯಾರೂ ಎತ್ತಿಲ್ಲ. ಕೆಲಸದ ಅರ್ಧ ಅದೇ. ಬಿಚ್ಚೋ ಮುಂಚಿನ ಕೆಲವು ದಿನ ಪೆನಿಟ್ರೇಟಿಂಗ್ ಆಯಿಲ್ ಬಿಡ್ತಾ ಬನ್ನಿ, ಎಂಜಿನ್ ತಣ್ಣಗಿರುವಾಗ. ಬೋಲ್ಟ್ ಅಲ್ಲಾಡದಿದ್ದರೆ ಮೊದಲು ಸ್ವಲ್ಪ ಬಿಗಿಯೋ ಕಡೆಗೆ ತಿರುಗಿಸಿ, ಆಮೇಲೆ ಬಿಚ್ಚೋ ಕಡೆಗೆ, ಹೀಗೆ ಹಿಂದೆ ಮುಂದೆ. ಕಿರ್ರನೆ ಸದ್ದು ಬಂದು ಹಗುರವಾದರೆ ಸರಿ. ಸದ್ದಿಲ್ಲದೆ ರಬ್ಬರಿನ ಹಾಗೆ ತಿರುಚಿಕೊಂಡರೆ ನಿಲ್ಲಿಸಿ, ಅದು ಮುರಿಯೋ ಸೂಚನೆ. ಅಲ್ಲಿ ಸುತ್ತಲಿನ ಬೀಡನ್ನು ಕಾಯಿಸಬೇಕು, ಬೋಲ್ಟನ್ನಲ್ಲ. ಎಣ್ಣೆ ಬಿಟ್ಟ ಜಾಗಕ್ಕೆ ಬೆಂಕಿ ಹಿಡಿಯೋ ಮೊದಲು ಒರೆಸಿ.

ಮುರಿದರೆ ತುಂಡಿನ ಮೇಲೆ ನಟ್ ಇಟ್ಟು, ನಟ್ಟಿನ ಒಳಗಿಂದ ಮಿಗ್ ವೆಲ್ಡ್ ತುಂಬಿಸಿ, ಕೆಂಪು ಆರಿದ ಮೇಲೆ ಪಾನಾ ಹಾಕಿ. ವೆಲ್ಡಿನ ಬಿಸಿಗೇ ಅರ್ಧ ಬಿಟ್ಟಿರುತ್ತೆ. ಆ ಮೊನಚು ಎಕ್ಸ್‌ಟ್ರಾಕ್ಟರ್ ಮಾತ್ರ ಬೇಡ. ಗಟ್ಟಿ ಉಕ್ಕು, ಒಳಗೆ ಮುರಿದರೆ ಡ್ರಿಲ್ ಬಿಟ್ಟೂ ಕಚ್ಚಲ್ಲ. ದಾರ ಶುದ್ಧ ಮಾಡೋಕೆ ಥ್ರೆಡ್ ಚೇಸರ್, ಟ್ಯಾಪ್ ಅಲ್ಲ. ಟ್ಯಾಪ್ ಇದ್ದಬದ್ದ ಲೋಹವನ್ನೂ ಕೆರೆದು ಹಾಕುತ್ತೆ.

ಇನ್ನು ಸ್ಟೇನ್‌ಲೆಸ್. 304 ಸ್ಟೇನ್‌ಲೆಸ್ ಮಾಮೂಲಿ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತೆ, ಡಿಗ್ರಿಗೆ ಮೀಟರಿಗೆ 17 ಮೈಕ್ರಾನ್ ಎದುರು 12. 700 ಮಿಮೀ ಉದ್ದದ ಫ್ಲ್ಯಾಂಜ್ 200 ಡಿಗ್ರಿ ಏರಿದರೆ ಉಕ್ಕು ಸುಮಾರು 1.7 ಮಿಮೀ, ಸ್ಟೇನ್‌ಲೆಸ್ 2.4. ಹೆಡ್ ಅಷ್ಟು ಬಿಸಿಯಾಗಲ್ಲ, ಅಷ್ಟು ಹಿಗ್ಗಲ್ಲ. ಆದ್ದರಿಂದ ತುದಿಯ ಬೋಲ್ಟುಗಳ ತೂತು ಅಂಡಾಕಾರ ಮಾಡಿ, ಪೋರ್ಟ್ (ಹೊಗೆ ಬಾಯಿ) ನಡುವೆ ಫ್ಲ್ಯಾಂಜನ್ನು ಕತ್ತರಿಸಿ ಬಿಡಿಸಿ.

ಹಳೇಸ್ಪ್ಯಾನರ್: ಕತ್ತರಿಸೋದಾ? ಕತ್ತರಿಸಿದ ಫ್ಲ್ಯಾಂಜ್ ಮಟ್ಟ ತಪ್ಪಿ ಒಂದೊಂದು ಪೋರ್ಟೂ ಒಂದೊಂದು ಕಡೆ ನೋಡುತ್ತೆ. ನೇರಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿ ನೋಡಿ.

ಬೆಸುಗೆ: ವೆಲ್ಡ್ ಮಾಡಿದ ಮೇಲೆ ಮುಖ ತಿಕ್ಕಿಸಿ, ದಪ್ಪ ಪ್ಲೇಟಿಗೆ ಬಿಗಿದಿಟ್ಟೇ ಕತ್ತರಿಸಬೇಕು. ಗೊತ್ತಿಲ್ಲದ ಕೆಲಸಕ್ಕೆ ಹೆದರೋದು ಸಹಜ.

ಕೇಳಿದವರು: ನನ್ನದು ಮಾಮೂಲಿ ಉಕ್ಕಿನದೇ. ಚಳಿಯಲ್ಲಿ ಗಾಡಿ ಮುಗ್ಗರಿಸುತ್ತೆ ಅಂತಾರಲ್ಲ, ನಿಜವಾ?

ಬೀಡುಪ್ರಿಯ: ನಿಜ. ಹೆಡರಿನ ಶಾಪ ಅದೇ. ಹಳೇ ಮ್ಯಾನಿಫೋಲ್ಡ್ ಕಾರ್ಬಿನ ಕೆಳಗೆ ಇಂಟೇಕನ್ನು ಕಾಯಿಸ್ತಾ ಇತ್ತು. ಅದು ಹೋದರೆ ಪೆಟ್ರೋಲ್ ಆವಿಯಾಗದೆ ತಣ್ಣನೆ ಗೋಡೆಗೆ ಅಂಟಿ ಹರಿಯುತ್ತೆ, ತೇವದ ಗಾಳಿಯಿದ್ದರೆ ಕಾರ್ಬಿನ ಒಳಗೆ ಮಂಜೂ ಕಟ್ಟುತ್ತೆ.

ಟಾರ್ಕ್‌ಭಟ್ಟ: ಅಲ್ಲ ಮಾರಾಯ್ರೇ, ನಿಮ್ಮ ಇಎಫ್‌ಐ ಮ್ಯಾನಿಫೋಲ್ಡ್ ಕಾರ್ಬನ್ನು ಕಾಯಿಸುತ್ತಾ? ಇಂಜೆಕ್ಷನ್ ಎಂಜಿನ್ನಿಗೆ ಎರಕ ಹೊಯ್ದದ್ದದು, ಇಂಟೇಕ್ ತಳಕ್ಕೆ ಅದರ ಬಿಸಿ ಮುಟ್ಟೋ ವ್ಯವಸ್ಥೆಯೇ ಇಲ್ಲ. ಅದೇ ಶಾಪ ನಿಮಗೂ ಇದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೆ.

ಕೇಳಿದವರಿಗೆ: ಎರಡರಲ್ಲಿ ಯಾವುದು ಹಾಕಿದರೂ ಇಂಟೇಕ್ ತಳಕ್ಕೆ ಕೂಲಂಟ್ ಹಾಯೋ ಪ್ಲೇಟ್ ಬೇಕು, ಹೀಟರ್ ಹೋಸಿನಿಂದ ಎಳೆಯಿರಿ. ಚೋಕಿಗೆ ಮ್ಯಾನಿಫೋಲ್ಡಿನಿಂದ ಬಿಸಿಗಾಳಿಯ ಕೊಳವೆ ಇದ್ದರೆ ಎಲೆಕ್ಟ್ರಿಕ್ ಚೋಕಿಗೆ ಬದಲಾಯಿಸಿ, ಕೀ ಹಾಕಿದಾಗ ಮಾತ್ರ ಕರೆಂಟ್ ಬರೋ ತಂತಿಯಿಂದ, ಇಗ್ನಿಷನ್ ಕಾಯಿಲಿನಿಂದ ಅಲ್ಲ. ಏರ್ ಕ್ಲೀನರಿಗೆ ಬಿಸಿಗಾಳಿ ಕೊಡೋ ತಗಡಿನ ಕವಚ ಹೆಡರ್ ಮೇಲೆ ಕೂರಲ್ಲ, ಒಂದು ತಗಡು ಬಗ್ಗಿಸಿ ಪೈಪಿಗೆ ಕಟ್ಟಿ. ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಟೇಕಿಗೆ ಕಳಿಸೋ ವ್ಯವಸ್ಥೆ) ಇದ್ದರೆ ಅದಕ್ಕೂ ದಾರಿ ಇರೋ ಹೆಡರ್ ನೋಡಿ. ಇಜಿಆರ್ ಮುಚ್ಚಿದರೆ ಲೋಡಲ್ಲಿ ನಾಕ್ (ಎಂಜಿನ್ನಿನ ಕುಟ್ಟೋ ಸದ್ದು) ಶುರುವಾಗಬಹುದು. ಕ್ಯಾಲಿಫೋರ್ನಿಯಾದಲ್ಲಿದ್ದರಂತೂ ಹಳೇ ಪೆಟ್ರೋಲ್ ಗಾಡಿಗಳಲ್ಲಿ 1975ರವರೆಗಿನವಕ್ಕೆ ಮಾತ್ರ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ವಿನಾಯಿತಿ. ನಿಮ್ಮದು 1978, ಸಿಎಆರ್‌ಬಿ (ಅಲ್ಲಿನ ವಾಯು ಮಂಡಳಿ) ಅನುಮತಿ ಸಂಖ್ಯೆ ಇಲ್ಲದ ಹೆಡರ್ ಕಂಡರೆ ಫೇಲು.

ಸೆನ್ಸರ್‌ಸಂಕಟ: ಆಕ್ಸಿಜನ್ ಸೆನ್ಸರ್ ಇರೋ ಗಾಡಿಯವರಿಗೊಂದು ಮಾತು. ಹೆಡರಲ್ಲಿ ಸೆನ್ಸರ್ ಕಲೆಕ್ಟರಿಗೆ ಇಳಿಯುತ್ತೆ, ಅಷ್ಟು ದೂರಕ್ಕೆ ಬರೋಷ್ಟರಲ್ಲಿ ಹೊಗೆ ತಣಿದಿರುತ್ತೆ. ಒಂಟಿ ತಂತಿಯ ಸೆನ್ಸರ್ ಸುಮಾರು 300 ಡಿಗ್ರಿ ಮುಟ್ಟದೆ ಸರಿಯಾಗಿ ಓದಲ್ಲ, ಐಡಲಲ್ಲಿ ನಿದ್ದೆ ಹೋಗುತ್ತೆ. ಹೀಟರ್ ಇರೋ ಮೂರು ತಂತಿಯದು ಹಾಕಿ. ಬಂಗ್ (ಸೆನ್ಸರ್ ತಿರುಗಿಸಿ ಕೂರಿಸೋ ದಾರದ ಬುಡ) ಎಂ18, 1.5 ಪಿಚ್, ಪೈಪಿನ ಮೇಲ್ಭಾಗದಲ್ಲಿ. ತಳಕ್ಕಿಟ್ಟರೆ ನೀರು ಕೂತು ಸೆನ್ಸರ್ ಬಿರಿಯುತ್ತೆ.

ಬೀಡುಪ್ರಿಯ: 1978ರ ಗಾಡಿ ಸ್ವಾಮಿ ಅದು, ಅದರಲ್ಲಿ ಸೆನ್ಸರ್ ಎಲ್ಲಿದೆ?

ಸೆನ್ಸರ್‌ಸಂಕಟ: ಓದೋರು ಅವರೊಬ್ಬರೇ ಅಲ್ಲ.

ಬೆಸುಗೆ: ಸೋರಿಕೆ ಹಿಡಿಯೋ ಬಗೆ: ಎಂಜಿನ್ ತಣ್ಣಗಿರುವಾಗ ಶಾಪ್ ವ್ಯಾಕ್ಯೂಮನ್ನು ಊದೋ ಕಡೆಗೆ ತಿರುಗಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಸಿಕ್ಕಿಸಿ, ಫ್ಲ್ಯಾಂಜಿನ ಗುಂಟ ಸೋಪುನೀರು ಸ್ಪ್ರೇ ಮಾಡಿ. ಎಲ್ಲಿ ನೊರೆ ಏಳುತ್ತೋ ಅಲ್ಲೇ ಸೋರೋದು. ಇಂಟೇಕ್ ಕಡೆ ಇದರಲ್ಲಿ ಕಾಣಲ್ಲ, ಅದಕ್ಕೆ ವ್ಯಾಕ್ಯೂಮ್ ಗೇಜ್. ಐಡಲಲ್ಲಿ 17ರಿಂದ 21 ಇಂಚು (ಪಾದರಸ) ಸ್ಥಿರವಾಗಿ ನಿಂತಿರಬೇಕು. ಬೋಲ್ಟಿಗೆ ದಾರ ಕಚ್ಚಿಕೊಳ್ಳದಂತೆ ನಿಕ್ಕಲ್ ಆ್ಯಂಟಿ-ಸೀಜ್ ಹಚ್ಚಿದರೆ ಟಾರ್ಕ್ ಕಾಲುಭಾಗ ಇಳಿಸಿ, ಪುಸ್ತಕದ ಲೆಕ್ಕ ಒಣ ದಾರಕ್ಕೆ ಕೊಟ್ಟದ್ದು.

ಹಳೇಸ್ಪ್ಯಾನರ್: ಇಳಿಸಿದ್ದಕ್ಕೇ ಕೆಲವರ ಬೋಲ್ಟು ಸಡಿಲ ಆಗೋದು.

ಟಾರ್ಕ್‌ಭಟ್ಟ: ಸಡಿಲ ಆಗೋದು ಮತ್ತೆ ಮತ್ತೆ ಬಿಸಿಯಾಗಿ ತಣಿಯೋದಕ್ಕೆ, ಆ್ಯಂಟಿ-ಸೀಜಿಗಲ್ಲ. ಇನ್ನೊಂದು, ಹೀಟ್ ವ್ರ್ಯಾಪ್ (ಪೈಪಿಗೆ ಸುತ್ತೋ ಶಾಖತಡೆ ಪಟ್ಟಿ) ಯಾರಾದರೂ ಹೇಳೋ ಮುಂಚೆ ನಾನೇ ಹೇಳ್ತೀನಿ, ಉಕ್ಕಿನ ಹೆಡರಿಗೆ ಬೇಡ. ತೇವ ಹಿಡಿದಿಟ್ಟು ಒಳಗಿಂದೊಳಗೇ ತುಕ್ಕು ತಿನ್ನುತ್ತೆ, ಎಷ್ಟೋ ತಯಾರಕರು ವ್ರ್ಯಾಪ್ ಕಂಡರೆ ವಾರಂಟಿ ಕೊಡಲ್ಲ.

ಸೆನ್ಸರ್‌ಸಂಕಟ: ನನ್ನದಕ್ಕೆ ವ್ರ್ಯಾಪ್ ಇದೆ, ಏನೂ ಆಗಿಲ್ಲ.

ಟಾರ್ಕ್‌ಭಟ್ಟ: ಬಿಚ್ಚಿ ನೋಡಿದ್ದೀರಾ?