ಟೀಮ್ ಸೋತ ಮೇಲೆ ಅಪ್ಪ-ಮಗನ ಮಾತು ನಿಂತಿದೆ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಅಮೆರಿಕದ ಕೊಲಂಬಸ್ ನಗರದಿಂದ ಓದುಗರೊಬ್ಬರು ತಮ್ಮ ಮನೆಯ ಕಷ್ಟ ಬರೆದಿದ್ದರು. ಪತಿ ಒಹಾಯೊ ಸ್ಟೇಟ್ ಯೂನಿವರ್ಸಿಟಿಯ ಫುಟ್‌ಬಾಲ್ ಟೀಮಿನ ಕಟ್ಟಾ ಅಭಿಮಾನಿ. ಮಗ ಅದೇ ಯೂನಿವರ್ಸಿಟಿಯ ವಿದ್ಯಾರ್ಥಿ. 2025ರ ಡಿಸೆಂಬರ್ 6ರಂದು ಬಿಗ್ ಟೆನ್ ಎಂಬ ಕಾಲೇಜು ಲೀಗ್‌ನ ಫೈನಲ್‌ನಲ್ಲಿ ಟೀಮ್ ಇಂಡಿಯಾನಾ ಎದುರು 13-10ರಿಂದ ಸೋತಿತು. ಆಟ ಮುಗಿಯುವ ಹೊತ್ತಿಗೆ, ಹತ್ತಿರದಿಂದ ಒದ್ದ ಒಂದು ಫೀಲ್ಡ್ ಗೋಲ್ ತಪ್ಪಿತ್ತು. ಆ ರಾತ್ರಿ ಪತಿ ಆ ಕಿಕ್ಕರ್ ಹುಡುಗನ ಇನ್‌ಸ್ಟಾಗ್ರಾಂ ಪುಟದಲ್ಲಿ ಬಾಯಿಗೆ ಬಂದದ್ದನ್ನು ಬರೆದರು. ಮಗ ಅದನ್ನು ನೋಡಿದ. ಅವತ್ತಿನಿಂದ ಅವನು ಅಪ್ಪನ ಹತ್ತಿರ ಮಾತಾಡಿಲ್ಲ. "ದುಡ್ಡು ತಗೊಂಡು ಆಡ್ತಾರೆ, ಬೈಸ್ಕೊಳ್ಳಲಿ" ಎನ್ನುವುದು ಪತಿಯ ವಾದ. "ನಾನು ಯಾರ ಪರ ನಿಲ್ಲಲಿ?" ಎಂದು ಅವರು ಕೇಳಿದ್ದರು.

ಊರಿನ ಓದುಗರಿಗೆ ಒಂದು ಮಾತು. ಇದು ನಮ್ಮ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡಿನ ಅಮೆರಿಕನ್ ಫುಟ್‌ಬಾಲ್. ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡು ಒದ್ದರೆ ಮೂರು ಅಂಕ. ಅದೇ ಫೀಲ್ಡ್ ಗೋಲ್.

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲು ಆಟ ಬಲ್ಲವರ ಮಾತು.

*

ಮೇಡಂ, ನಿಮ್ಮ ಯಜಮಾನರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದು ತಪ್ಪು ವಿಳಾಸಕ್ಕೆ ಹೋಗಿದೆ. ಕೇಳಬೇಕಾದದ್ದು ಕೋಚ್ ರಯಾನ್ ಡೇ ಅವರನ್ನು.

2024ರ ನವೆಂಬರ್ 30 ನೆನಪಿಸಿಕೊಳ್ಳಿ. ನಮ್ಮ ಬದ್ಧ ಎದುರಾಳಿ ಮಿಷಿಗನ್ ನಮ್ಮ ಅಂಗಳಕ್ಕೇ ಬಂದು 13-10ರಿಂದ ಗೆದ್ದಿತು. ನಮ್ಮ ಹತ್ತಿರ ಜೆರಮಾಯಾ ಸ್ಮಿತ್, ಎಮೆಕಾ ಎಗ್‌ಬೂಕಾ ಥರದ, ಪಾಸ್ ಹಿಡಿಯುವ ರಿಸೀವರ್‌ಗಳಿದ್ದರು. ಅವರನ್ನು ಬಿಟ್ಟು, ಮಿಷಿಗನ್‌ನ ಅತಿ ಗಟ್ಟಿ ಭಾಗವಾದ ನಡುಸಾಲಿಗೇ ಮತ್ತೆ ಮತ್ತೆ ಚೆಂಡು ಹಿಡಿದು ನುಗ್ಗಿದರು. ಪ್ಲೇ, ಅಂದರೆ ಮುಂದಿನ ನಡೆ ಯಾವುದು ಅಂತ, ಹೇಳುತ್ತಿದ್ದದ್ದು ಸಹಾಯಕ ಕೋಚ್ ಚಿಪ್ ಕೆಲ್ಲಿ, ಸರಿ. ಬೇಡ ಅನ್ನುವ ಅಧಿಕಾರ ಹೆಡ್ ಕೋಚ್‌ಗೆ ಇರಲಿಲ್ವಾ? ಅವತ್ತೂ ಹತ್ತೇ ಅಂಕ, ಇಂಡಿಯಾನಾ ಎದುರೂ ಹತ್ತೇ ಅಂಕ. ಇಷ್ಟು ಪ್ರತಿಭೆ ಇಟ್ಟುಕೊಂಡು ಕೊನೆಗೆ ಮೂರು ಅಂಕಕ್ಕಾಗಿ ಒಬ್ಬ ಹುಡುಗನ ಕಾಲು ನೋಡುತ್ತಾ ಕೂರುವ ಸ್ಥಿತಿ ತಂದವರು ಯಾರು? 2025ರಲ್ಲಿ ಆದ ಹೊಸ ಒಪ್ಪಂದದ ಪ್ರಕಾರ ಕೋಚ್‌ಗೆ ವರ್ಷಕ್ಕೆ ಸರಾಸರಿ 1.25 ಕೋಟಿ ಡಾಲರ್. ಪ್ರಶ್ನೆ ಕೇಳಿಸಿಕೊಳ್ಳುವುದೂ ಆ ಸಂಬಳದಲ್ಲಿ ಸೇರಿದೆ.

ಹಾಗಂತ ಅವರನ್ನು ತೆಗೆಯಿರಿ ಅಂತ ನಾನು ಹೇಳಲ್ಲ. ಆ ಮಿಷಿಗನ್ ಸೋಲಿನ ನಂತರ ಟೆನಿಸಿ, ಆರೆಗನ್, ಟೆಕ್ಸಸ್, ನೋಟ್ರಡಾಮ್ ನಾಲ್ಕನ್ನೂ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಮಾಡಿದ್ದೂ ಇವರೇ. 2025ರ ಜನವರಿ 20ರ ಫೈನಲ್, 34-23. ಅದರಲ್ಲಿ ಮೂರನೇ ಡೌನ್ (ಚೆಂಡನ್ನು ಮುಂದೊಯ್ಯಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಹನ್ನೊಂದು ಗಜ ಬೇಕಿದ್ದಾಗ ಸ್ಮಿತ್‌ಗೆ ಎಸೆದ ಆ 56 ಗಜದ ಪಾಸ್ ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ. ಆ ಧೈರ್ಯ ಪ್ರತಿ ಶನಿವಾರದ ಆಟದಲ್ಲೂ ಇರಲಿ ಅಂತಲೇ ನನ್ನ ಜಗಳ.

— ಕ್ಲೀವ್‌ಲ್ಯಾಂಡ್‌ನಿಂದ ಒಬ್ಬ ಅಭಿಮಾನಿ

*

ಅಮ್ಮಾ, ಆ ಹುಡುಗನೂ ಒಬ್ಬರ ಮನೆ ಮಗ. ಯಜಮಾನರು ಮೊದಲು ಆ ಕಾಮೆಂಟ್ ಅಳಿಸಲಿ. ಉಳಿದ ಮಾತು ಆಮೇಲೆ.

— ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

*

ಪತಿಯ ಪರವಾಗಿಯೂ ಪತ್ರಗಳು ಬಂದಿವೆ. ಅವುಗಳಲ್ಲಿ ಗಟ್ಟಿಯಾದ ವಾದ ಇದು.

*

ಎಲ್ಲರೂ "ಪಾಪ, ಹುಡುಗರು" ಅನ್ನುತ್ತಾರೆ. ಕಾಲ ಬದಲಾಗಿದೆ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡ್ಡು ಮಾಡಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಒಂದು ಕಾಲೇಜು ಎಲ್ಲ ಆಟಗಳಿಗೂ ಸೇರಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. 2024ರ ಒಹಾಯೊ ಸ್ಟೇಟ್ ಟೀಮಿಗೆ ಸುಮಾರು 2 ಕೋಟಿ ಡಾಲರ್ ಬಿತ್ತು ಅಂತ ಅಲ್ಲಿನ ಅಥ್ಲೆಟಿಕ್ ಡೈರೆಕ್ಟರ್ ರಾಸ್ ಬಿಯೋರ್ಕ್ ಅವರೇ ಹೇಳಿದ್ದರು. ಇಷ್ಟವಾಗದಿದ್ದರೆ ಟ್ರಾನ್ಸ್‌ಫರ್ ಪೋರ್ಟಲ್‌ಗೆ ಹೆಸರು ಕೊಟ್ಟು ಬೇರೆ ಕಾಲೇಜಿಗೆ ಹೋಗುತ್ತಾರೆ. ನಾವು ಆಫೀಸಿನಲ್ಲಿ ಕೆಲಸ ಕೆಡಿಸಿದರೆ ಮ್ಯಾನೇಜರ್ ಬಿಡ್ತಾನಾ? ಟಿಕೆಟ್‌ಗೆ ದುಡ್ಡು ಕೊಡುವವರಿಗೆ ಮಾತಾಡುವ ಹಕ್ಕಿದೆ. ಭಾಷೆ ಸರಿಯಾಗಿರಲಿ, ಅಷ್ಟೇ.

— ನ್ಯೂಜೆರ್ಸಿಯಿಂದ

*

ಕೊನೆಯ ವಾಕ್ಯವನ್ನು ಇವರೂ ಮರೆತಿಲ್ಲ ಎನ್ನುವುದನ್ನು ಗಮನಿಸಿ. ಮುಂದಿನ ಪತ್ರ ಉದ್ದವಿದೆ. ಏನನ್ನೂ ಕತ್ತರಿಸದೆ ಹಾಕಿದ್ದೇವೆ.

*

ಪ್ರೀತಿಯ ತಂಗಿ,

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗನೂ ಕಿಕ್ಕರ್ ಆಗಿದ್ದ.

ನಾವು ಇರುವುದು ಟೆಕ್ಸಸ್‌ನ ಒಂದು ಊರಿನಲ್ಲಿ. ಇಲ್ಲಿ ಶುಕ್ರವಾರ ಸಂಜೆ ಹೈಸ್ಕೂಲ್ ಆಟ ಅಂದರೆ ಊರಿಗೆ ಊರೇ ಸ್ಟೇಡಿಯಂನಲ್ಲಿ ಇರುತ್ತದೆ. ನನ್ನ ಮಗ ಚಿಕ್ಕಂದಿನಿಂದ ಸಾಕರ್ ಆಡುತ್ತಿದ್ದ. ಅವನ ಒದೆತ ನೋಡಿ ಫುಟ್‌ಬಾಲ್ ಟೀಮಿಗೆ ಕರೆದರು. ನಮ್ಮವರ ಮಕ್ಕಳು ಆ ಟೀಮಿನಲ್ಲಿ ಯಾರೂ ಇರಲಿಲ್ಲ. ನಮಗೆ ಎಷ್ಟು ಹೆಮ್ಮೆ ಗೊತ್ತಾ? ಊರಿನಿಂದ ಬಂದಿದ್ದ ನಮ್ಮ ಅತ್ತೆ ಕೂಡ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

ಕಿಕ್ಕರ್ ಅಂದರೆ ಒಂಟಿ ಜೀವ. ಬೇರೆಯವರೆಲ್ಲ ಒಟ್ಟಿಗೆ ಗುದ್ದಾಡುತ್ತಾ ಪ್ರಾಕ್ಟೀಸ್ ಮಾಡುತ್ತಾರೆ. ಇವನು ಮೈದಾನದ ಮೂಲೆಯಲ್ಲಿ ಇನ್ನಿಬ್ಬರ ಜೊತೆ ಇರುತ್ತಾನೆ. ಒಬ್ಬ ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಎಸೆಯಬೇಕು. ಇನ್ನೊಬ್ಬ ಹಿಡಿದು, ಅದರ ಲೇಸು ಕಂಬಗಳ ಕಡೆ ತಿರುಗುವ ಹಾಗೆ ನಿಲ್ಲಿಸಬೇಕು. ಆಮೇಲೆ ಇವನು ಒದೆಯಬೇಕು. ಎಲ್ಲ ಸೇರಿ ಒಂದೂವರೆ ಸೆಕೆಂಡ್ ಕೂಡ ಇಲ್ಲ. ಯಾರ ಕೈ ಸ್ವಲ್ಪ ತಡವಾದರೂ ಚೆಂಡು ಆಚೆ ಹೋಗುತ್ತದೆ. ಜನ ನೋಡುವುದು ಮಾತ್ರ ಕೊನೆಗೆ ಒದ್ದವನನ್ನು.

ಒಂದು ಮುಖ್ಯ ಆಟದಲ್ಲಿ ನನ್ನ ಮಗನ ಕಿಕ್ ತಪ್ಪಿತು. ಟೀಮ್ ಸೋತಿತು. ಅವತ್ತು ರಾತ್ರಿ ಅವನ ಫೋನ್ ಸುಮ್ಮನಾಗಲೇ ಇಲ್ಲ. ಕೆಲವರು ಹುಡುಗರು. ಆದರೆ ದೊಡ್ಡವರೂ ಇದ್ದರು ತಂಗಿ. ಅವರಲ್ಲಿ ಒಬ್ಬರು ನಮ್ಮ ಮನೆಗೆ ಬಂದು ದೋಸೆ ತಿಂದು ಹೋದವರು. "ನಿನ್ನ ದೇಶಕ್ಕೆ ಹೋಗಿ ಒದಿ" ಅಂತ ಇನ್ನೊಬ್ಬರು ಬರೆದಿದ್ದರು. ನನ್ನ ಮಗ ಹುಟ್ಟಿದ್ದೇ ಇಲ್ಲಿ. ಮುಂದಿನ ವಾರ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ನಮ್ಮವರೇ ಒಬ್ಬರು ಅವನ ಭುಜ ತಟ್ಟಿ "ಏನಪ್ಪಾ, ಸೋಲಿಸಿಬಿಟ್ಟೆ" ಅಂದರು. ಅವರಿಗೆ ಅದು ಸುಮ್ನೆ ಒಂದು ಮಾತು. ಅವನು ಊಟ ಮಾಡದೆ ಕಾರಿನಲ್ಲಿ ಹೋಗಿ ಕೂತ.

ಮತ್ತೆ ಅವನು ಆ ಮೈದಾನಕ್ಕೆ ಹೋಗಲಿಲ್ಲ. 2022ರ ಡಿಸೆಂಬರ್ 31ರ ರಾತ್ರಿ ನಿಮ್ಮ ಒಹಾಯೊ ಸ್ಟೇಟ್ ಟೀಮೇ ಜಾರ್ಜಿಯಾ ಎದುರು 42-41ರಿಂದ ಸೋತಿತಲ್ಲ, 50 ಗಜದ ಕೊನೆಯ ಕಿಕ್ ಎಡಕ್ಕೆ ಹೋಗಿ? ನಾವೆಲ್ಲ ಹೊಸ ವರ್ಷಕ್ಕೆಂದು ಸೇರಿ ಟಿವಿ ನೋಡುತ್ತಿದ್ದೆವು. ನನ್ನ ಮಗ ಎದ್ದು ಹೋದ. "ಅಮ್ಮಾ, ಅವನ ಫೋನ್ ಯಾರಾದರೂ ಕಿತ್ತಿಟ್ಟುಕೊಳ್ಳಲಿ" ಅಂದ.

ಹುಡುಗರು ಒಳಗೆ ಏನು ಹೊತ್ತು ತಿರುಗುತ್ತಾರೋ ಹೊರಗೆ ಕಾಣುವುದಿಲ್ಲ. ನಿಮ್ಮ ಊರಿನ ಟೀಮಿನಲ್ಲೇ ಆಡುತ್ತಿದ್ದ ಹ್ಯಾರಿ ಮಿಲ್ಲರ್ 2022ರಲ್ಲಿ ಆಟ ಬಿಟ್ಟ. ಸಾಯುವ ಯೋಚನೆ ಬರುತ್ತಿದೆ ಅಂತ ಕೋಚ್ ಡೇ ಹತ್ತಿರ ಹೋಗಿ ಹೇಳಿದ್ದೆ, ಅವರು ತಕ್ಷಣ ಡಾಕ್ಟರ ಹತ್ತಿರ ಕಳಿಸಿದರು ಅಂತ ಅವನೇ ಎಲ್ಲರ ಮುಂದೆ ಬರೆದ. ಆ ಕೋಚ್‌ಗೂ ಆ ನೋವು ಗೊತ್ತು. ಚಿಕ್ಕವರಿದ್ದಾಗಲೇ ಅವರ ತಂದೆ ಆತ್ಮಹತ್ಯೆ ಮಾಡಿಕೊಂಡಿದ್ದರು. ಮಕ್ಕಳ ಮನಸ್ಸಿನ ಆರೋಗ್ಯಕ್ಕಾಗಿ ಅವರೂ ಅವರ ಹೆಂಡತಿಯೂ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯಲ್ಲಿ ಒಂದು ನಿಧಿ ಇಟ್ಟಿದ್ದಾರೆ. ಆಟದ ಬಗ್ಗೆ ಅವರನ್ನು ಎಷ್ಟು ಬೇಕಾದರೂ ಬೈಯಿರಿ. ಈ ವಿಷಯದಲ್ಲಿ ಮಾತ್ರ ನಾನು ಅವರಿಗೆ ಕೈ ಮುಗಿಯುತ್ತೇನೆ.

ನೀವು ಯಾರ ಪರ ನಿಲ್ಲಲಿ ಅಂತ ಕೇಳಿದ್ದೀರಿ. ಮಗನ ಪರ ನಿಲ್ಲಿ. ನಿಮ್ಮ ಯಜಮಾನರಿಗೆ ಈ ಪತ್ರ ಓದಲು ಕೊಡಿ.

— ಟೆಕ್ಸಸ್‌ನಿಂದ ಒಬ್ಬ ಅಮ್ಮ

*

ಇನ್ನೊಬ್ಬರು ನಮಗೆ ಹೊಳೆಯದಿದ್ದ ಪ್ರಶ್ನೆ ಕೇಳಿದ್ದಾರೆ.

*

ಅಕ್ಕಾ, ಕೋಪ ಮಾಡ್ಕೋಬೇಡಿ. ನಿಮ್ಮ ಯಜಮಾನರು ಬೆಟ್ ಕಟ್ಟುತ್ತಾರಾ? ಒಹಾಯೊದಲ್ಲಿ 2023ರ ಜನವರಿ 1ರಿಂದ ಫೋನಿನಲ್ಲೇ ಬೆಟ್ಟಿಂಗ್ ಕಾನೂನುಬದ್ಧ. ಕಾಲೇಜು ಆಟಗಾರ ಇಷ್ಟು ಗಜ ಓಡುತ್ತಾನಾ, ಇಷ್ಟು ಪಾಸ್ ಹಿಡಿಯುತ್ತಾನಾ ಅಂತೆಲ್ಲ ಒಬ್ಬೊಬ್ಬನ ಮೇಲೆ ಬೆಟ್ ಕಟ್ಟಬಹುದಿತ್ತು. ದುಡ್ಡು ಕಳೆದುಕೊಂಡವರು ಹುಡುಗರಿಗೆ ಬೆದರಿಕೆ ಹಾಕುವುದು ಜಾಸ್ತಿಯಾಯಿತು. ಕಾಲೇಜು ಆಟಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಕೇಳಿಕೊಂಡ ಮೇಲೆ ರಾಜ್ಯ 2024ರ ಮಾರ್ಚ್‌ನಿಂದ ಅಂಥ ಬೆಟ್ ನಿಲ್ಲಿಸಿತು. ಆಟದ ಮೇಲಿನ ಬೆಟ್ ಮಾತ್ರ ಇನ್ನೂ ಇದೆ. ನನ್ನ ಗೆಳೆಯರಲ್ಲಿ ನೋಡಿದ್ದೇನೆ. ಟೀಮ್ ಸೋತ ದುಃಖ ಭಾನುವಾರದ ಹೊತ್ತಿಗೆ ಇಳಿಯುತ್ತದೆ. ದುಡ್ಡು ಹೋದ ಸಿಟ್ಟು ಇಳಿಯಲ್ಲ. ಒಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ.

— ಸಿನ್ಸಿನಾಟಿಯಿಂದ

*

ನಾವು ಮಿಷಿಗನ್ ಕಡೆಯವರು. 2024ರಲ್ಲಿ ಗೆದ್ದ ಮೇಲೆ ನಮ್ಮ ಹುಡುಗರು ಎದುರಾಳಿಯ ಮೈದಾನದ ನಡುವೆ ಬಾವುಟ ನೆಡಲು ಹೋದರು. ಹೊಡೆದಾಟವಾಯಿತು, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆದರು, ಎರಡೂ ಕಾಲೇಜಿಗೆ ಒಂದೊಂದು ಲಕ್ಷ ಡಾಲರ್ ದಂಡ ಬಿತ್ತು. ಗೆದ್ದವರಿಗೂ ಅದು ಶೋಭೆಯಲ್ಲ. 2025ರಲ್ಲಿ ನಿಮ್ಮವರು ನಮ್ಮೂರಿಗೆ ಬಂದು 27-9ರಿಂದ ಸರಿಯಾಗಿಯೇ ಸೋಲಿಸಿದರು. ಅದಾಗಿ ಒಂದೇ ವಾರಕ್ಕೆ ನಿಮ್ಮ ಯಜಮಾನರು ಆ ಸಂತೋಷ ಮರೆತುಬಿಟ್ಟರಾ? 2026ರ ಆಟ ಕೊಲಂಬಸ್‌ನಲ್ಲಿ. ನಾನೂ ನನ್ನ ಮಗಳೂ ಬರುತ್ತೇವೆ. ಅಪ್ಪ-ಮಗ ಇಬ್ಬರನ್ನೂ ಕರೆದುಕೊಂಡು ಬನ್ನಿ. ಪುಳಿಯೋಗರೆ ನಮ್ಮದು.

— ಆನ್ ಆರ್ಬರ್‌ನಿಂದ

*

ಆರ್‌ಸಿಬಿಗಾಗಿ 2008ರಿಂದ 2025ರವರೆಗೆ ಕಾದವರು ನಾವು. ಸೋತಾಗಲೆಲ್ಲ "ಈ ಸಲ ಕಪ್ ನಮ್ದೇ" ಅಂತ ಮತ್ತೆ ಹೇಳಿದೆವು. ಅಭಿಮಾನ ಅಂದರೆ ಅದು. ಹಾಗಂತ ನಮ್ಮಲ್ಲಿ ಎಲ್ಲವೂ ಚೆನ್ನಾಗಿಲ್ಲ. ನಮ್ಮವರೇ ಆದ ಕೆ.ಎಲ್. ರಾಹುಲ್ ರನ್ ಮಾಡದಿದ್ದಾಗ ಜನ ಬರೆದದ್ದನ್ನು ಓದಲಾಗುತ್ತಿರಲಿಲ್ಲ.

— ಬೆಂಗಳೂರು, ಬಸವನಗುಡಿ

*

ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಕಡಿಮೆ. ಇವರು ಕೊಟ್ಟಿದ್ದಾರೆ. ವಯಸ್ಸಿನಲ್ಲೂ ಎಲ್ಲರಿಗಿಂತ ಚಿಕ್ಕವರು.

*

ಆಂಟಿ, ನಾನೂ ಇಲ್ಲಿ ಕಾಲೇಜಿನಲ್ಲಿ ಓದುತ್ತಿದ್ದೇನೆ, ಬೇರೆ ರಾಜ್ಯದಲ್ಲಿ. ನಿಮ್ಮ ಮಗನಿಗೆ ಏನಾಗಿದೆ ಅಂತ ನನಗೆ ಅನ್ನಿಸುವುದು ಹೇಳುತ್ತೇನೆ. ನಮಗೆ ಈ ಆಟಗಾರರು ಟಿವಿಯಲ್ಲಿ ಬರುವವರಲ್ಲ. ಲ್ಯಾಬ್‌ನಲ್ಲಿ, ಊಟದ ಸಾಲಿನಲ್ಲಿ ಪಕ್ಕದಲ್ಲೇ ನಿಂತಿರುತ್ತಾರೆ. ಅಂಕಲ್ ಬರೆದದ್ದರ ಮೇಲೆ ಅವರ ಹೆಸರಿದೆ. ಅದೇ ಹೆಸರು ನಿಮ್ಮ ಮಗನ ಹೆಸರಿನ ಕೊನೆಗೂ ಇರುತ್ತದೆ. ಯಾರಾದರೂ "ಇವರು ನಿನಗೇನಾಗಬೇಕು?" ಅಂತ ಕೇಳಿದರೆ ಅವನು ಏನು ಹೇಳಬೇಕು?

ನೀವು ನಡುವೆ ನಿಂತು ರಾಜಿ ಮಾಡಿಸಬೇಡಿ. "ಅಪ್ಪ ಅಲ್ವಾ, ಹೋಗಲಿ ಬಿಡು" ಅಂತಲೂ ಹೇಳಬೇಡಿ. ಅಂಕಲ್ ಅದನ್ನು ಅಳಿಸಿ, ಅಳಿಸಿದ್ದೇನೆ ಅಂತ ಅವರೇ ಮಗನಿಗೆ ಫೋನ್ ಮಾಡಿ ಹೇಳಲಿ. ಕೋಚ್ ವಿಷಯದಲ್ಲಿ ಅಪ್ಪ-ಮಗ ಇಡೀ ರಾತ್ರಿ ಜಗಳವಾಡಿದರೂ ಪರವಾಗಿಲ್ಲ. ನಾನೂ ನನ್ನ ಅಪ್ಪನೂ ಆಡುತ್ತೇವೆ.

— ಒಬ್ಬ ವಿದ್ಯಾರ್ಥಿನಿ

*

ಟಿಕೆಟ್ ದರ, ಟ್ರಾನ್ಸ್‌ಫರ್ ಪೋರ್ಟಲ್ ಬಗ್ಗೆ ಬಂದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇವೆ. ಕೊಲಂಬಸ್‌ನ ಆ ಪತಿಯವರು ತಮ್ಮ ಮಾತು ಹೇಳಬೇಕೆಂದಿದ್ದರೆ ಅವರಿಗೂ ಜಾಗವಿದೆ. ಮಗನಿಗೆ ಫೋನ್ ಮಾಡಿದ ಮೇಲೆ ಬರೆದರೆ ಇನ್ನೂ ಸಂತೋಷ.