ಫಂಕ್, ಸೋಲ್ ಅಭ್ಯಾಸಕ್ಕೆ ಯಾವ ಹಾಡು? ಬೇಸ್ ವಾದಕರನ್ನು ಕೇಳಿ

ಪ್ರಶ್ನೆ (ಕಂಕನಾಡಿಯಿಂದ): ನಮಸ್ತೆ ಸರ್. ನನ್ನದು ನಾಲ್ಕು ತಂತಿಯ ಬೇಸ್ ಗಿಟಾರ್. ಚರ್ಚಿನ ಕ್ವಾಯರ್‌ನಲ್ಲಿ ನುಡಿಸುತ್ತೇನೆ, ಒಮ್ಮೊಮ್ಮೆ ಮದುವೆ, ರೋಸ್ (ಮದುವೆಗೆ ಮುಂಚಿನ ಶಾಸ್ತ್ರ) ಕಾರ್ಯಕ್ರಮಕ್ಕೂ ಹೋಗುತ್ತೇನೆ. ರೂಟ್ ನೋಟ್ (ಕಾರ್ಡಿನ ಮೂಲ ಸ್ವರ) ಹಿಡಿದು ಹೋಗಲು ತೊಂದರೆ ಇಲ್ಲ, ಕುಣಿತದ ಬೈಲಾ ಹಾಡು ಕೂಡ ಬರುತ್ತದೆ. ಫಂಕ್ (ತಾಳವೇ ಮುಖ್ಯವಾದ ಅಮೆರಿಕದ ಕುಣಿತದ ಸಂಗೀತ) ಅಂತ ಕೂತರೆ ಮಾತ್ರ ಕೈ ಕಟ್ಟಿ ಹಾಕಿದ ಹಾಗೆ ಆಗುತ್ತದೆ. ವಿಡಿಯೋ ನೋಡಿ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿಗೆ ಹೊಡೆದು ನುಡಿಸುವುದು) ಶುರು ಮಾಡಿದೆ. ಹೆಬ್ಬೆರಳು ನೋಯುತ್ತದೆ ಬಿಟ್ಟರೆ ಬೇರೆ ಎಂತದ್ದೂ ಬರುವುದಿಲ್ಲ. ಯಾವ ಹಾಡುಗಳನ್ನು ಹಿಡಿದು ಕಲಿಯಲಿ?

ಉತ್ತರ: ಸ್ಲ್ಯಾಪನ್ನು ಸದ್ಯಕ್ಕೆ ಪಕ್ಕಕ್ಕಿಡಿ ಮಾರಾಯ್ರೆ. ಹೆಬ್ಬೆರಳಿಗೂ ಸ್ವಲ್ಪ ರಜೆ ಸಿಗಲಿ.

ಹಾಡು ಆರಿಸುವಾಗ ಎಲ್ಲರೂ ನೋಡುವುದು ಎಷ್ಟು ಸ್ವರ ಉಂಟು, ಎಷ್ಟು ಫಾಸ್ಟ್ ಉಂಟು ಅಂತ. ನಾನು ಕೇಳುವುದು ಬೇರೆ: ಪ್ರತಿ ಸ್ವರ ಎಲ್ಲಿ ನಿಲ್ಲುತ್ತದೆ? ಕ್ವಾಯರ್‌ನಲ್ಲಿ ನುಡಿಸಿ ಅಭ್ಯಾಸ ಆದವರು ಮುಂದಿನ ಸ್ವರ ಬರುವವರೆಗೆ ತಂತಿಯನ್ನು ಗುಂಯ್ ಅನ್ನಲು ಬಿಡುತ್ತಾರೆ. ಅಲ್ಲಿಗೆ ಅದು ಸರಿ. ಫಂಕಿನಲ್ಲಿ ಆ ಗುಂಯ್ ಉಳಿದರೆ ಡ್ರಮ್ಮಿನ ಏಟು ಮುಚ್ಚಿ ಹೋಗುತ್ತದೆ. ನಿಮ್ಮ ಕೈ ಕಟ್ಟಿದ ಹಾಗೆ ಅನ್ನಿಸುವುದೂ ಬಹುಶಃ ಇದರಿಂದಲೇ.

ಹಾಗಾಗಿ ಮೊದಲ ಹಾಡು ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ‘ಎವ್ರಿಡೇ ಪೀಪಲ್’ (1968). ತಂಡದ ಬೇಸ್ ವಾದಕ ಲ್ಯಾರಿ ಗ್ರಹಾಂ ಇಡೀ ಹಾಡಿಗೆ ನುಡಿಸಿದ್ದು ಒಂದೇ ಸ್ವರ, ಜಿ. ನಗಬೇಡಿ, ನುಡಿಸಿ ರೆಕಾರ್ಡ್ ಮಾಡಿ ಕೇಳಿ. ಅರ್ಧ ಹಾಡಿಗೆ ಬರುವಾಗ ಏಟು ಮುಂದೆ ಓಡಿರುತ್ತದೆ, ಒಂದು ಸ್ವರ ದಪ್ಪ, ಒಂದು ಸಪೂರ. ತಮಾಷೆ ಎಂದರೆ ನೀವು ಕಲಿಯಲು ಹೊರಟ ಸ್ಲ್ಯಾಪನ್ನು ಬೆಳೆಸಿದವರೂ ಇದೇ ಗ್ರಹಾಂ. ಅಮ್ಮನ ಜೊತೆ ನುಡಿಸುವಾಗ ಡ್ರಮ್ಮರ್ ಇರಲಿಲ್ಲ. ಕಿಕ್ ಡ್ರಮ್ಮಿನ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಬದಲು ಹೆಬ್ಬೆರಳಲ್ಲಿ ಹೊಡೆದರು, ಸ್ನೇರ್ (ಕೋಲಲ್ಲಿ ಬಾರಿಸುವ ಚುರುಕು ಶಬ್ದದ ಡ್ರಮ್) ಬದಲು ತಂತಿ ಎಳೆದು ಬಿಟ್ಟರು. ತಾಳ ಮೊದಲು ಬಂತು, ಸ್ಲ್ಯಾಪ್ ಆಮೇಲೆ.

ಎರಡನೆಯದು ಟೆಂಪ್ಟೇಷನ್ಸ್ ತಂಡದ ‘ಪಾಪಾ ವಾಸ್ ಎ ರೋಲಿನ್ ಸ್ಟೋನ್’ (1972). ಆಲ್ಬಂನಲ್ಲಿರುವ ಉದ್ದದ್ದನ್ನೇ ತೆಗೆದುಕೊಳ್ಳಿ, ಸುಮಾರು 12 ನಿಮಿಷ. ಹಾಡುವವರ ಧ್ವನಿ ಬರುವ ಮೊದಲೇ 4 ನಿಮಿಷದ ಹತ್ತಿರ ಹೋಗುತ್ತದೆ. ಬೇಸಿಗೆ ಕೆಲವೇ ಸ್ವರ, ಮತ್ತೆ ಖಾಲಿ. ಆ ಖಾಲಿಯಲ್ಲಿ ಬೆರಳು ತುರಿಸುತ್ತದೆ, ಸುಮ್ನೆ ಒಂದು ಫಿಲ್ (ಖಾಲಿ ತುಂಬಿಸುವ ಸ್ವರಗಳು) ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಮದುವೆ ಸ್ಟೇಜಿನಲ್ಲಿ ಜನ ಕುಣಿಯುವಾಗ ಈ ತಾಳ್ಮೆ ಇಲ್ಲದ ಬೇಸ್‌ನವರನ್ನು ಎಷ್ಟು ಕಂಡಿದ್ದೇನೆ!

ಆಮೇಲೆ ಶಿಕ್ ತಂಡದ ‘ಗುಡ್ ಟೈಮ್ಸ್’ (1979), ಬೇಸ್ ಬರ್ನಾರ್ಡ್ ಎಡ್ವರ್ಡ್ಸ್. ಇದಕ್ಕೆ ಒಂದು ತಿಂಗಳು ಕೊಟ್ಟರೂ ನಷ್ಟ ಇಲ್ಲ. ಸಾಲು ಶುರುವಾಗುವುದು ಮೂರು ಇ ಸ್ವರದಿಂದ. ಅದನ್ನು ಕಡೆಯ ದಪ್ಪ ತಂತಿಯಲ್ಲಿ ಖಾಲಿ ಬಿಟ್ಟು ನುಡಿಸಬೇಡಿ. ಎ ತಂತಿಯ 7ನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಅಡ್ಡ ಪಟ್ಟಿ) ಒತ್ತಿ. ಬಲಗೈ ಮೀಟಿತಾ, ಕೂಡಲೇ ಎಡಗೈ ಬೆರಳಿನ ಒತ್ತಡ ತೆಗೆಯಿರಿ, ಬೆರಳು ಮಾತ್ರ ತಂತಿಯ ಮೇಲೆಯೇ ಇರಲಿ. ಟಕ್ ಅಂತ ಸ್ವರ ನಿಲ್ಲಬೇಕು. ಖಾಲಿ ತಂತಿಯಾದರೆ ಹೀಗೆ ನಿಲ್ಲಿಸಲು ಆಗುವುದಿಲ್ಲ ಅಲ್ವಾ? ಮೂರೂ ಸ್ವರ ಒಂದೇ ಅಳತೆಗೆ ಬಂದ ಮೇಲೆ ಮಾತ್ರ ಉಳಿದ ಸಾಲಿಗೆ ಹೋಗಿ.

ಸೋಲ್‌ಗೆ (ಚರ್ಚಿನ ಗಾಸ್ಪೆಲ್ ಹಾಡಿನ ಬೇರಿನ ಅಮೆರಿಕದ ಸಂಗೀತ) ವಿಲ್ಸನ್ ಪಿಕೆಟ್ ಹಾಡಿದ ‘ಇನ್ ದ ಮಿಡ್‌ನೈಟ್ ಅವರ್’ (1965) ಇರಲಿ. ಡೊನಾಲ್ಡ್ ‘ಡಕ್’ ಡನ್ ಬೇಸ್. ಎರಡನೇ ಮತ್ತು ನಾಲ್ಕನೇ ಏಟಿಗೆ ಸ್ನೇರ್ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆ ಕಾಲದ ಒಂದು ಡ್ಯಾನ್ಸ್ ನೋಡಿ ಹಾಗೆ ಮಾಡಿದ್ದು. ಅವಸರದವರಿಗೆ ಒಳ್ಳೆ ಮದ್ದು.

ಪ್ರಶ್ನೆ (ಮಣಿಪಾಲದಿಂದ): ಸರ್, ಹಾಸ್ಟೆಲಿನಲ್ಲಿ ‘ಸೂಪರ್‌ಸ್ಟಿಷನ್’ ಪ್ರಯತ್ನ ಮಾಡುತ್ತಿದ್ದೇನೆ. ಎಷ್ಟು ಸರಿ ನುಡಿಸಿದರೂ ರೆಕಾರ್ಡಿನ ಹಾಗೆ ಕೇಳಿಸುವುದಿಲ್ಲ. ಗಿಟಾರ್ ಸರಿ ಇಲ್ವಾ?

ಉತ್ತರ: ಗಿಟಾರಿನ ತಪ್ಪಲ್ಲ. 1972ರ ಆ ರೆಕಾರ್ಡಿನಲ್ಲಿ ಬೇಸ್ ಗಿಟಾರೇ ಇಲ್ಲ, ಹಾಡಿದ ಸ್ಟೀವಿ ವಂಡರ್ ಅವರೇ ಮೂಗ್ ಸಿಂಥಸೈಸರಿನಲ್ಲಿ (ವಿದ್ಯುತ್ತಿನಿಂದ ಶಬ್ದ ಹುಟ್ಟಿಸುವ ಕೀಬೋರ್ಡ್) ನುಡಿಸಿದ್ದು. ಹಾಡು ಬೇರೆ ಇ ಫ್ಲಾಟ್‌ನಲ್ಲಿ (ಇ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ) ಉಂಟು, ನಿಮ್ಮ ಕಡೆಯ ತಂತಿ ಇ. ನಾಲ್ಕೂ ತಂತಿ ಅರ್ಧ ಸ್ವರ ಕೆಳಗೆ ಟ್ಯೂನ್ ಮಾಡಿದರೆ ಕೈಗೆ ಸುಲಭ. ಹರ್ಬಿ ಹ್ಯಾನ್‌ಕಾಕ್ ಅವರ ‘ಕಮೀಲಿಯನ್’ (1973) ಶುರುವಿನ ಸಾಲು ಕೂಡ ಸಿಂಥಸೈಸರಿನದೇ. ಎರಡೂ ಒಳ್ಳೆ ಹಾಡು, ಆದರೆ ಟೋನ್ ಹೊಂದಿಸುತ್ತ ಕೂರಬೇಡಿ. ಬೆರಳಿನ ಶಬ್ದವನ್ನೇ ಕೇಳಿ ಕಲಿಯಬೇಕಾದರೆ ಮೀಟರ್ಸ್ ತಂಡದ ‘ಸಿಸ್ಸಿ ಸ್ಟ್ರಟ್’ (1969) ಹಿಡಿಯಿರಿ. ಬೇಸ್, ಗಿಟಾರ್ ಎರಡೂ ಒಟ್ಟಿಗೆ ಒಂದೇ ಸಾಲು ನುಡಿಸುತ್ತವೆ, ನೀವು ಜಾರಿದ್ದು ಆಗಲೇ ಗೊತ್ತಾಗುತ್ತದೆ.

ಪ್ರಶ್ನೆ (ಸುರತ್ಕಲ್‌ನಿಂದ): ಮೊಬೈಲಿನಲ್ಲಿ ಹಾಡು ಹಾಕಿದರೆ ಬೇಸ್ ಕೇಳುವುದೇ ಇಲ್ಲ. ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಅಂಕೆಯಲ್ಲಿ ಬರೆದದ್ದು) ನೋಡಿ ಕಲಿತರೆ ಆಗುತ್ತಾ?

ಉತ್ತರ: ಬೇಸಿನ ಕಡೆಯ ಖಾಲಿ ತಂತಿ ಸುಮಾರು 41 ಹರ್ಟ್ಸ್. ಅಷ್ಟು ಚಿಕ್ಕ ಸ್ಪೀಕರಿಗೆ ಅದು ಸಾಧ್ಯವೇ ಇಲ್ಲ. ವೈರ್ ಇರುವ ಇಯರ್‌ಫೋನ್ ಹಾಕಿ. ಬ್ಲೂಟೂತ್ ಆದರೆ ಶಬ್ದ ಸ್ವಲ್ಪ ತಡವಾಗಿ ಬರುತ್ತದೆ, ಆಂಪಿನ ಶಬ್ದವನ್ನೂ ಅದರಲ್ಲೇ ಕೇಳುವುದಾದರೆ ತಲೆ ಕೆಡುತ್ತದೆ. ಟ್ಯಾಬ್ ನೋಡಬಹುದು, ಆದರೆ ಬರೀ ಟ್ಯಾಬ್ ನಂಬಿದರೆ ಸ್ವರ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುವುದಿಲ್ಲ. ಮೊದಲು ಸಾಲನ್ನು ಬಾಯಲ್ಲಿ ಹೇಳಿ. ಬಾಯಿಗೆ ಬಾರದ್ದು ಬೆರಳಿಗೂ ಬರುವುದಿಲ್ಲ.

ಪ್ರಶ್ನೆ (ಕಂಕನಾಡಿಯಿಂದ, ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಸರ್. ಫಂಕ್ ಗಾಯಕ ಜೇಮ್ಸ್ ಬ್ರೌನ್ ಹಾಡುಗಳಲ್ಲಿ ‘ದ ಒನ್’ ಅಂತ ಹೇಳುತ್ತಾರಲ್ಲ, ಅದೆಂತದು?

ಉತ್ತರ: ತಾಳದ ಪ್ರತಿ ಸುತ್ತಿನ ಮೊದಲ ಏಟಿಗೆ ಇಡೀ ಬ್ಯಾಂಡ್ ಭಾರ ಹಾಕುವುದು. ನವರಾತ್ರಿಗೆ ಹುಲಿವೇಷದ ತಾಸೆ ಕೇಳಿದ್ದೀರಲ್ಲ. ನಡುವೆ ಎಷ್ಟು ಚಿಲ್ಲರೆ ಏಟು ಬಿದ್ದರೂ ಹುಲಿಯ ಕಾಲು ಎಲ್ಲಿ ಊರಬೇಕು ಅಂತ ನಿಮ್ಮ ಮೈಗೆ ಗೊತ್ತಿರುತ್ತದೆ, ಅದೇ ಇದು. ‘ಸೆಕ್ಸ್ ಮಷೀನ್’ (1970) ಕೇಳಿ. ಬೇಸ್ ನುಡಿಸಿದ ಬೂಟ್ಸಿ ಕಾಲಿನ್ಸ್‌ಗೆ ಆಗ 18 ವರ್ಷ. ಬೆರಳು ಎಲ್ಲೆಲ್ಲೋ ಓಡಾಡುತ್ತದೆ, ಮೊದಲ ಏಟಿಗೆ ಮಾತ್ರ ಮನೆಗೆ ಬಂದೇ ಬರುತ್ತದೆ. ಪೂರ್ತಿ ಸಾಲು ಈಗಲೇ ಬೇಡ. ಬರೀ ಮೊದಲ ಏಟು ನುಡಿಸುತ್ತ ಹಾಡಿನ ಜೊತೆ ಹೋಗಿ, ಆಮೇಲೆ ಒಂದೊಂದೇ ಸ್ವರ ಸೇರಿಸಿ.

ಪ್ರಶ್ನೆ (ಉಡುಪಿಯಿಂದ): ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ತಂತಿ ಬದಲಿಸುತ್ತಲೇ ಇರಲಿಲ್ಲವಂತೆ. ನಾವೂ ಹಾಗೇ ಬಿಡಬಹುದಾ? ಮಳೆಗಾಲದಲ್ಲಿ ನನ್ನ ತಂತಿ ಬೇಗ ತುಕ್ಕು ಹಿಡಿಯುತ್ತದೆ.

ಉತ್ತರ: ಅವರು ಹಾಕುತ್ತಿದ್ದದ್ದು ಫ್ಲ್ಯಾಟ್‌ವೌಂಡ್ ತಂತಿ, ಮೇಲ್ಮೈ ನುಣ್ಣಗಿರುತ್ತದೆ. ಹಳತಾದಷ್ಟೂ ಆ ಮಂದ, ದುಂಡಗಿನ ಶಬ್ದ. ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ಅವರು ಬೇಸ್ ನುಡಿಸಿದ ‘ವಾಟ್ಸ್ ಗೋಯಿಂಗ್ ಆನ್’ (1971) ಕೇಳಿದರೆ ಒಂದೇ ಬೆರಳು ಅಂತ ನಂಬಿಕೆಯೇ ಬರುವುದಿಲ್ಲ. ಆದರೆ ಅವರಿದ್ದದ್ದು ಡೆಟ್ರಾಯಿಟ್‌ನಲ್ಲಿ, ನಾವು ಕಡಲ ಬದಿಯಲ್ಲಿ. ತುಕ್ಕು ಹಿಡಿದ ತಂತಿ ಬೆರಳನ್ನೂ ಕೆರೆಯುತ್ತದೆ, ಫ್ರೆಟ್ಟನ್ನೂ ತಿನ್ನುತ್ತದೆ, ಅದನ್ನು ಬದಲಿಸಿ. ಸೋಲ್ ಜಾಸ್ತಿ ನುಡಿಸುವುದಾದರೆ ಫ್ಲ್ಯಾಟ್‌ವೌಂಡ್ ಹಾಕಿ ನೋಡಿ, ರೇಟು ಸ್ವಲ್ಪ ಜಾಸ್ತಿ, ಬಾಳಿಕೆಯೂ ಜಾಸ್ತಿ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ, ಬೆವರು ಕೂರುವುದು ಅಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ತಾಗಿಸಿ ಇಡಬೇಡಿ. ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಶೂ ಡಬ್ಬದಲ್ಲಿ ಬರುತ್ತದಲ್ಲ, ಅದಾದರೂ ಆದೀತು, ತೇವ ಹೀರಿ ಮುಗಿದದ್ದು ಆಗಬಾರದು ಅಷ್ಟೇ.