ಹಳೇ ಗುಡ್ಡ ಕುಸಿತ ಭೂಕಂಪದಿಂದಾನೇ ಆಗಿದ್ದು ಅಂತ ಹೇಗ್ ಕಂಡುಹಿಡೀತಾರೆ?

ಪೋರ್ಟ್‌ಲ್ಯಾಂಡ್_ಪುಟ್ಟ:
ನಮಸ್ಕಾರ ಎಲ್ರಿಗೂ. ಊರಿಂದ ಅಪ್ಪ ಅಮ್ಮ ಬಂದಿದಾರೆ, ಇಲ್ಲೇ ಅಮೆರಿಕದ ಒರೆಗಾನ್ ಹತ್ರದ ಕೊಲಂಬಿಯಾ ನದಿ ಕಣಿವೆಗೆ ಕರ್ಕೊಂಡ್ ಹೋಗಿದ್ದೆ, ಬಾನೆವಿಲ್ ಡ್ಯಾಮ್ ಹತ್ರ ಆಚೆ ದಡದಲ್ಲಿ ಟೇಬಲ್ ಮೌಂಟನ್ ಅಂತ ಇದೆ, ಅದರ ಒಂದು ಮಗ್ಗುಲು ಪೂರ್ತಿ ಕಿತ್ಕೊಂಡ್ ಬಂದು ಯಾವ್ದೋ ಕಾಲದಲ್ಲಿ ಇಡೀ ನದೀನೇ ಅಡ್ಡಗಟ್ಟಿತ್ತಂತೆ. ಜೊತೆಗಿದ್ದ ಫ್ರೆಂಡು ಇದು 1700ರಲ್ಲಿ ಈ ಪಶ್ಚಿಮ ಕರಾವಳಿಲಿ ಆದ ದೊಡ್ಡ ಕ್ಯಾಸ್ಕೇಡಿಯಾ ಭೂಕಂಪದಲ್ಲಿ ಬಿದ್ದಿದ್ದು ಅಂದ. ಅಪ್ಪ ಪಿಡಬ್ಲ್ಯುಡಿಲಿ ಇದ್ದೋರು, ಬಿಡ್ತಾರಾ, "ಮಳೆಗೆ ಬಿದ್ದಿದ್ದಲ್ಲ ಅಂತ ಏನು ಗ್ಯಾರಂಟಿ" ಅಂದ್ರು. ನಂಗೂ ಉತ್ತರ ಗೊತ್ತಿಲ್ಲ. ಇಲ್ಲಿ ಜಿಯಾಲಜಿ ಓದಿದೋರು ಯಾರಾದ್ರೂ ಇದ್ರೆ ಹೇಳಿ.

ಕಲ್ಲುಬಂಡೆ:
ನಿಮ್ಮಪ್ಪ ಕೇಳಿದ್ದೇ ಸರಿಯಾದ ಪ್ರಶ್ನೆ ಸರ್. ಒಂದೇ ಒಂದು ಕುಸಿತ ಇಟ್ಕೊಂಡು ಅದರ ಆಕಾರ ನೋಡಿ ಭೂಕಂಪನಾ ಮಳೇನಾ ಅಂತ ಹೇಳೋಕೆ ಹೋದ್ರೆ ಎಡವೋದೇ ಜಾಸ್ತಿ, ನೀವು ನೋಡಿದ ಈ ಬಾನೆವಿಲ್ ಕುಸಿತಾನೇ ಅದಕ್ಕೆ ಒಳ್ಳೇ ಉದಾಹರಣೆ. ಹಳೇ ರೇಡಿಯೋಕಾರ್ಬನ್ (ಸತ್ತ ಮರದಲ್ಲಿ ಉಳಿದ ಕಾರ್ಬನ್-14 ಅಳೆದು ವಯಸ್ಸು ಹಾಕೋದು) ಡೇಟುಗಳಲ್ಲಿ ನೂರಾರು ವರ್ಷದ ಅಂತರ ಇತ್ತು, ಒಂದಷ್ಟು ಡೇಟು 1700ರ ಹತ್ರಕ್ಕೂ ಬರ್ತಿತ್ತು, ಹಾಗಾಗಿ ಆ ಭೂಕಂಪಕ್ಕೆ ಗಂಟು ಹಾಕೋಣ ಅಂತ ಆಸೆ ಹುಟ್ಟಿದ್ದು ಸಹಜ. ಆಮೇಲೆ ಅದರಲ್ಲಿ ಸಿಕ್ಕಿ ಸತ್ತ ಮರಗಳ ಬೆಳವಣಿಗೆ ಉಂಗುರ ಎಣಿಸಿದ್ರೆ 1440-50ರ ಆಸುಪಾಸು ಬಂತು. ಅಂದ್ರೆ 1700ಕ್ಕೂ ಅದಕ್ಕೂ ಎರಡೂವರೆ ಶತಮಾನ ಅಂತರ! ನಿಮ್ಮ ಫ್ರೆಂಡಿಗೆ ಹೇಳಿ.

ಗಟ್ಟಿ ಸಾಕ್ಷಿ ಅಂದ್ರೆ ಒಂದೇ ಹೊತ್ತಲ್ಲಿ ಬೇರೆ ಬೇರೆ ಜಾಗದಲ್ಲಿ ಬಿದ್ದಿರ್ಬೇಕು. ನಿಮ್ಮ ಪಕ್ಕದ ಸಿಯಾಟಲ್‌ನೇ ತಗೊಳ್ಳಿ, ಲೇಕ್ ವಾಷಿಂಗ್ಟನ್ ತಳದಲ್ಲಿ ಮರಗಳು ನಿಂತಿವೆ, ದಡದ ಕಾಡೇ ಗುಡ್ಡದ ಸಮೇತ ಜಾರಿ ನೀರೊಳಗೆ ಹೋಗಿರೋದು. ಆ ಮರಗಳು ಸತ್ತ ವರ್ಷ, ಸತ್ತ ಋತು, ಆಮೇಲೆ ಆ ಕಡೆ ಸುನಾಮಿ ಮರಳಲ್ಲಿ ಸಿಕ್ಕಿದ ದಿಮ್ಮಿ, ಬಂಡೆ ಬಿದ್ದು ಕಟ್ಟಿಕೊಂಡ ಕೆರೆಗಳಲ್ಲಿ ಮುಳುಗಿದ ಮರ, ಎಲ್ಲಾನೂ ಕ್ರಿಸ್ತಶಕ 923-24ರ ಚಳಿಗಾಲಕ್ಕೇ ಬಂದು ನಿಲ್ತವೆ. ಇಷ್ಟು ಕರೆಕ್ಟಾಗಿ ಹೇಳೋಕೆ ಆಗಿದ್ದು 774ರಲ್ಲಿ ಗಾಳೀಲಿ ಕಾರ್ಬನ್-14 ಒಮ್ಮೆಲೇ ಏರಿತ್ತು, ಆ ವರ್ಷದ ಗುರುತು ಉಂಗುರದಲ್ಲಿ ಇರುತ್ತೆ, ಅಲ್ಲಿಂದ ತೊಗಟೆವರೆಗೂ ಎಣಿಸೋದು. ಮಳೆಗೆ ಗುಡ್ಡ ಜಾರಬಹುದು, ಆದ್ರೆ ಮಳೆಗೆ ಸುನಾಮಿ ಬರಲ್ಲ.

ಬೆಟ್ಟದ_ಹುಳ:
ಕಲ್ಲುಬಂಡೆ ಹೇಳಿದ್ದಕ್ಕೆ ಸೇರಿಸ್ತೀನಿ, ಎಲ್ಲಿ ಬಿದ್ದಿದೆ ಅನ್ನೋದೂ ಸುಳಿವೇ. ಭೂಕಂಪದಲ್ಲಿ ಬೆಟ್ಟದ ನೆತ್ತಿ, ಏಣು ಕಡೆ ಅಲುಗಾಟ ಜೋರಾಗಿರುತ್ತೆ, ಅದಕ್ಕೇ ಮೇಲ್ಭಾಗದಲ್ಲಿ ಜಾಸ್ತಿ ಕಿತ್ಕೊಂಡಿರುತ್ತೆ, ಮಳೆದಾದ್ರೆ ನೀರು ಸೇರೋ ಹಳ್ಳ, ತೊರೆ ಅಂಚು, ಬುಡದ ಕಡೆ. ಎಲ್ಲಾ ಕಡೆ ಹಿಂಗೇ ಅಂತಿಲ್ಲ, ಒಲವು ಅಷ್ಟೇ. ಇನ್ನು ನ್ಯೂಜಿಲೆಂಡ್‌ನಲ್ಲಿ ಉರುಳಿದ ಬಂಡೆ ಮೇಲಿನ ಕಲ್ಲುಹೂವಿನ ಅಗಲ ಅಳೆದು ವಯಸ್ಸು ಹಾಕಿದಾರೆ. ಹೌದು, ಮಸಾಲೆಗೆ ಹಾಕ್ತೀವಲ್ಲ, ಅದರ ನೆಂಟರೇ.

ಮಡಿಕೇರಿ_ಮಂಜು:
ಈ ಥ್ರೆಡ್ ನೋಡಿ ನಮ್ಮೂರಿನ ವಿಷ್ಯ ಕೇಳ್ಬೇಕು ಅನ್ಸ್ತು. 2018ರ ಜುಲೈನಲ್ಲಿ ಇಲ್ಲಿ ಭೂಮಿ ಸಣ್ಣಗೆ ನಡುಗಿತ್ತು, 3.4 ಅಂತ ಪೇಪರಲ್ಲಿ ಬಂದಿತ್ತು, ಆಗಸ್ಟಲ್ಲಿ ಬರೆ (ಗುಡ್ಡದ ಇಳಿಜಾರು) ಎಲ್ಲಾ ಜರಿದು ಹೋಯ್ತು. ಇವತ್ತಿಗೂ ಎಷ್ಟೋ ಜನ ಅದು ಭೂಕಂಪದ್ದೇ ಅಂತಾರೆ, ನೀವೇನಂತೀರಾ?

ಕಲ್ಲುಬಂಡೆ:
ಇಲ್ಲ ಅನ್ಸುತ್ತೆ ಮೇಡಂ. ಕೀಫರ್ ಅನ್ನೋರು 1984ರಲ್ಲಿ 40 ಭೂಕಂಪ ಕೂಡಿಸಿ ನೋಡಿದಾಗ ಕುಸಿತ ತಂದಿದ್ದರಲ್ಲಿ ಅತಿ ಚಿಕ್ಕದು ಅಂದ್ರೆ ಸುಮಾರು 4.0, ಅದೂ ಆಗಲೋ ಈಗಲೋ ಬೀಳೋ ಸ್ಥಿತಿಲಿದ್ದ ಕಲ್ಲು ಮಣ್ಣು. 3.4 ಅಂದ್ರೆ ಅದಕ್ಕಿಂತ ಎಷ್ಟೋ ಕಮ್ಮಿ ಶಕ್ತಿ. ನಡುಗಿದ ತಿಂಗಳಲ್ಲಿ ಬೀಳದೇ ಆಗಸ್ಟಿನ ಆ ಭಯಂಕರ ಮಳೆಲಿ ಬಿತ್ತು, ಜಿಎಸ್‌ಐ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಕೂಡ ಮಳೆ, ರಸ್ತೆಗೆ ಮನೆಗೆ ಅಂತ ಇಳಿಜಾರು ಕಡಿದಿದ್ದು, ಇದನ್ನೇ ಹೇಳಿದ್ದು. ಆದ್ರೆ ದೊಡ್ಡ ಭೂಕಂಪ ಆದ್ಮೇಲೆ ಬೆಟ್ಟ ಸಡಿಲಾಗಿ ಮುಂದಿನ ಮಳೆಗಾಲಗಳಲ್ಲಿ ಕುಸಿತ ಜಾಸ್ತಿ ಆಗೋದು ನಿಜ, 2008ರ ಚೀನಾದ ವೆಂಚುವಾನ್, 2015ರ ನೇಪಾಳ ಎರಡರಲ್ಲೂ ನೋಡಿದಾರೆ. ಅವು 7.8, 7.9ರ ಲೆಕ್ಕ, ನಮ್ಮದಲ್ಲ.

ಪೋರ್ಟ್‌ಲ್ಯಾಂಡ್_ಪುಟ್ಟ:
ಥ್ಯಾಂಕ್ಸ್ ಎಲ್ರಿಗೂ. ಹಾಗಾದ್ರೆ 1700ರದ್ದು 9ರ ಆಸುಪಾಸಿನ ಭೂಕಂಪ ಅಂತಾರಲ್ಲ, ಅದರಲ್ಲಿ ಬಿದ್ದ ಗುಡ್ಡಗಳು ಎಲ್ಲಿ ಹೋದ್ವು?

ಕಲ್ಲುಬಂಡೆ:
ಅದೇ ಮಜಾ ಇರೋದು. ಒರೆಗಾನ್ ಕರಾವಳಿ ಬೆಟ್ಟಗಳಲ್ಲಿ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲ ಅಳೆಯೋದು) ಹಾಕಿ, ಕಾಡಿನ ಕೆಳಗಿನ ನೆಲದ ಒರಟುತನ ನೋಡಿ (ಹೊಸದು ಒರಟು, ಹಳೇದು ನುಣುಪಾಗಿರುತ್ತೆ) 9,000ಕ್ಕೂ ಹೆಚ್ಚು ಆಳದ ಕುಸಿತಕ್ಕೆ ಅಂದಾಜು ವಯಸ್ಸು ಕೊಟ್ರು, 2020ರಲ್ಲಿ ಬಂತು ಅದು. 1700ಕ್ಕೆ ಎದ್ದು ಕಾಣೋ ಗುಂಪೇ ಇಲ್ಲ, ಹೆಚ್ಚಿನವು ಮಳೆಗೇ ಅನ್ನೋ ತೀರ್ಮಾನ. ಅಪ್ಪಂಗೆ ಖುಷಿ ಆಗುತ್ತೆ ಬಿಡಿ.

ಪೋರ್ಟ್‌ಲ್ಯಾಂಡ್_ಪುಟ್ಟ:
ಖುಷಿನಾ, ಮೀಸೆ ತಿರುವ್ತಿದಾರೆ. ಈಗ ಇನ್ನೊಂದು ಕೇಳ್ತಿದಾರೆ, ಇಳಿಜಾರಿನ ಸ್ಟೆಬಿಲಿಟಿ ಲೆಕ್ಕ ಹಾಕಿ ಹೇಳೋಕಾಗಲ್ವಾ ಅಂತ.

ಬೆಟ್ಟದ_ಹುಳ:
ಹಾಕಿದಾರೆ. ಮಿಸಿಸಿಪಿ ನದಿಯ ಪೂರ್ವ ದಂಡೆಯ ದಿಣ್ಣೆಗಳಲ್ಲಿ 200ಕ್ಕೂ ಹೆಚ್ಚು ಹಳೇ ಕುಸಿತ ಇವೆ, ನೀರಿನ ಮಟ್ಟ ಎತ್ತರಕ್ಕಿದ್ರೂ ಬರೀ ನೀರಿಗೆ ಆ ಇಳಿಜಾರು ಬೀಳಲ್ಲ, 1811-12ರಲ್ಲಿ ಅಲ್ಲೇ ಆದ ನ್ಯೂ ಮ್ಯಾಡ್ರಿಡ್ ಭೂಕಂಪಗಳ ಅಲುಗಾಟ ಸೇರಿಸಿದ್ರೆ ಬೀಳುತ್ತೆ ಅಂತ ಲೆಕ್ಕದಲ್ಲಿ ತೋರಿಸಿದ್ರು. ಈ ವಿಧಾನದ ವೀಕ್ ಪಾಯಿಂಟು ಅಂದ್ರೆ ಮಣ್ಣಿನ ಬಲ ಈಗಿನ ಸ್ಯಾಂಪಲ್‌ದು, ಕುಸಿಯೋಕೆ ಮುಂಚೆ ಇಳಿಜಾರು ಹೇಗಿತ್ತು ಅನ್ನೋದು ಅಂದಾಜು. ಅಪ್ಪಾವ್ರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತೆ, ಅವರ ಕೈಲೇ ಇಲ್ಲಿ ಬರೆಸಿ.